ಅಪ್ಪನ ಬಿಪಿ, ಅಪ್ಪನ ನಿದ್ದೆ: ಮನೆಯವರ ಆರೋಗ್ಯಕ್ಕೆ ಫೋನು ಬಳಸುವ ಬಗೆ

ಮೂರು ವರ್ಷದ ಹಿಂದೆ ಅಪ್ಪನ ಬಿಪಿ ಹತೋಟಿಗೆ ಬರುತ್ತಿಲ್ಲ ಅಂತ ತಿಪಟೂರಿನಿಂದ ಬೆಂಗಳೂರಿಗೆ ಕರೆಸಿಕೊಂಡು ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಕೇಳಿದ್ದು ನಾಲ್ಕೇ ಪ್ರಶ್ನೆ. ಈಗ ಯಾವ ಮಾತ್ರೆ, ಎಷ್ಟು ಎಂಜಿ? ಮನೆಯಲ್ಲಿ ನೋಡಿದಾಗ ಬಿಪಿ ಎಷ್ಟಿರುತ್ತದೆ? ಹೋದ ಸಲದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಎಷ್ಟಿತ್ತು? ರಾತ್ರಿ ನಿದ್ದೆ ಬರುತ್ತಾ? ಮೊದಲ ಮೂರಕ್ಕೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. ನಾಲ್ಕನೆಯದಕ್ಕೆ ಅಪ್ಪ "ಬರುತ್ತೆ ಸಾರ್" ಅಂದರು. ಅಮ್ಮ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಹೇಳಿದರು: "ರಾತ್ರಿ ಎರಡು ಗಂಟೆಗೆ ಎದ್ದು ಜಗಲಿ ಮೇಲೆ ಕೂತಿರ್ತಾರೆ ಕಣೋ. ಆರು ತಿಂಗಳಾಯ್ತು."

ಅವತ್ತಿನಿಂದ ಇವತ್ತಿನವರೆಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ತಿಂಗಳಿಗೊಮ್ಮೆ ಡಾಕ್ಟರು ಸಿಗುವುದು ಹತ್ತು ನಿಮಿಷ. ಮಧ್ಯದ ಅಷ್ಟೂ ದಿನ ಮನೆಯಲ್ಲಿ ಏನಾಯಿತು ಅನ್ನುವುದನ್ನು ಆ ಹತ್ತು ನಿಮಿಷಕ್ಕೆ ತಲುಪಿಸಲು ಫೋನು ತುಂಬಾ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಾತು. ಮೈಗೊಂದು ಆಪ್, ಮನಸ್ಸಿಗೊಂದು ಆಪ್ ಅಂತ ಬೇರೆ ಬೇರೆ ಇಡಬೇಡಿ. ಬಿಪಿ ಬರೆಯುವ ಸಾಲಿನಲ್ಲೇ ನಿದ್ದೆಯನ್ನೂ ಬರೆಯಿರಿ. ನಮ್ಮ ಮನೆಯಲ್ಲಿ ದಾರಿ ತೋರಿಸಿದ್ದು ಅದೇ.

ಮೊದಲು ಮಾತ್ರೆ ಡಬ್ಬಿ

ಯಾವ ಆಪ್ ಹಾಕಿಕೊಳ್ಳುವ ಮುಂಚೆಯೂ ಮನೆಯ ಮಾತ್ರೆ ಡಬ್ಬಿಯನ್ನು ಚಾಪೆ ಮೇಲೆ ಸುರಿಯಿರಿ. ಒಂದೊಂದು ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂಭಾಗದ ಫೋಟೋ ತೆಗೆಯಿರಿ. ಕಂಪನಿ ಇಟ್ಟ ದೊಡ್ಡ ಅಕ್ಷರದ ಹೆಸರು ನಮಗೆ ಮುಖ್ಯ ಅಲ್ಲ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಮುಖ್ಯ. ಅಪ್ಪನ ಡಬ್ಬಿಯಲ್ಲಿ ಆಮ್ಲೋಡಿಪಿನ್ ಅನ್ನುವ ಬಿಪಿ ಔಷಧ ಎರಡು ಹೆಸರಲ್ಲಿ ಇತ್ತು. ಒಂದು ಬರೀ ಆಮ್ಲೋಡಿಪಿನ್. ಇನ್ನೊಂದು ಟೆಲ್ಮಿಸಾರ್ಟನ್ ಅನ್ನುವ ಬೇರೊಂದು ಬಿಪಿ ಔಷಧದ ಜೊತೆ ಸೇರಿಸಿದ್ದು. ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಡಾಕ್ಟರು ಬರೆದದ್ದು, ಅಪ್ಪ ಎರಡನ್ನೂ ನುಂಗುತ್ತಿದ್ದರು. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತಿತ್ತು. ಆಮ್ಲೋಡಿಪಿನ್ ಜಾಸ್ತಿಯಾದರೆ ಪಾದ ಊದುವುದು ಎಲ್ಲ ಡಾಕ್ಟರಿಗೂ ಗೊತ್ತಿರುವ ವಿಷಯ, ಆದರೆ ಎರಡು ಪಟ್ಟಿಯನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ಹೀಗೆ ಏನಾದರೂ ಕಂಡರೆ ನೀವೇ ನಿಲ್ಲಿಸಬೇಡಿ. ಫೋಟೋ ಕಳಿಸಿ ಡಾಕ್ಟರನ್ನೇ ಕೇಳಿ.

ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ಮಾತ್ರೆಗಳನ್ನೂ ಈ ಫೋಟೋಗಳಲ್ಲಿ ಸೇರಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳು ಬಿಪಿಯನ್ನು ಏರಿಸಬಲ್ಲವು, ಕಿಡ್ನಿಗೂ ಭಾರ. ಅವನ್ನು ಯಾರೂ "ನಾನು ತಗೋತಿರೋ ಔಷಧಿ" ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ, ಪಟ್ಟಿಯನ್ನು ಕತ್ತರಿಸುವಾಗ ಹೆಸರು ಮತ್ತು ತಾರೀಕು ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ ಅಂತ ಮನೆಯಲ್ಲಿ ಹೇಳಿಡಿ. ಹೆಸರಿಲ್ಲದ ನಾಲ್ಕು ಬಿಳಿ ಮಾತ್ರೆಗಳನ್ನು ಕೈಯಲ್ಲಿ ಹಿಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅಲ್ವಾ.

ಈ ಫೋಟೋಗಳಿಂದ ಒಂದೇ ಪುಟದ ಪಟ್ಟಿ ಮಾಡಿ. ಔಷಧದ ಹೆಸರು, ಎಷ್ಟು ಎಂಜಿ, ಯಾವ ಹೊತ್ತಿಗೆ, ಯಾವ ತೊಂದರೆಗೆ, ಯಾವಾಗಿನಿಂದ, ಬರೆದವರು ಯಾರು. ಕೆಳಗೆ, ಯಾವ ಔಷಧ ಒಗ್ಗುವುದಿಲ್ಲ ಅನ್ನುವುದು. ಫೋನಿನ ನೋಟ್ಸ್‌ನಲ್ಲಿ ಕನ್ನಡದಲ್ಲೇ ಬರೆದರೂ ಸರಿ, ಔಷಧದ ಹೆಸರನ್ನು ಮಾತ್ರ ಮಾತ್ರೆ ಸ್ಟ್ರಿಪ್ಪಿನ ಮೇಲಿರುವ ಅಕ್ಷರದಲ್ಲೇ ನೋಡಿಕೊಂಡು ಬರೆಯಿರಿ, ಡಾಕ್ಟರು ಬೇರೆ ರಾಜ್ಯದವರಾಗಿದ್ದರೂ ಓದಲು ಬರುತ್ತದೆ. ಟೈಪ್ ಮಾಡುವುದು ಕಷ್ಟ ಅನ್ನುವವರು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಸಾಕು, ಬರೆದುಕೊಳ್ಳುತ್ತದೆ. ಆದರೆ ಎಂಜಿ ಸಂಖ್ಯೆಗಳನ್ನು ಮಾತ್ರ ಕಣ್ಣಾರೆ ಎರಡು ಸಲ ನೋಡಿ.

ಚೀಟಿ ಮತ್ತು ಲ್ಯಾಬ್ ರಿಪೋರ್ಟುಗಳನ್ನು ಗೂಗಲ್ ಡ್ರೈವ್‌ನಲ್ಲಿರುವ ಸ್ಕ್ಯಾನ್ ಬಟನ್ ಒತ್ತಿ ಸೇರಿಸಿ. ಕಿಟಕಿ ಬೆಳಕಲ್ಲಿ, ಕಾಗದದ ನಾಲ್ಕೂ ಮೂಲೆ ಕಾಣುವ ಹಾಗೆ. ಹೆಸರಿಡುವಾಗ ವರ್ಷ ಮೊದಲು ಬರಲಿ: 2025-03 ರಕ್ತ ಪರೀಕ್ಷೆ, 2025-06 ಇಸಿಜಿ. ಆಗ ತಾನಾಗೇ ಸಾಲಾಗಿ ನಿಲ್ಲುತ್ತವೆ. ಆ ಫೋಲ್ಡರನ್ನು ಅಕ್ಕನಿಗೋ ತಮ್ಮನಿಗೋ ಹಂಚಿಡಿ. ಒಬ್ಬರ ಫೋನು ಸ್ವಿಚ್ ಆಫ್ ಆದ ದಿನವೇ ರಿಪೋರ್ಟು ಬೇಕಾಗುವುದು.

ಆಭಾ ನಂಬರಿನ ಬಗ್ಗೆ ಒಂದೆರಡು ಮಾತು. ಅದು 14 ಅಂಕಿಯ ನಂಬರು. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವಂಥದ್ದು. ಇದನ್ನೂ 5 ಲಕ್ಷದ ಚಿಕಿತ್ಸೆಯ ಆಯುಷ್ಮಾನ್ ಕಾರ್ಡನ್ನೂ ಒಂದೇ ಅಂದುಕೊಂಡಿರುವವರು ತುಂಬಾ ಜನ. ಆಭಾದಿಂದ ದುಡ್ಡು ಬರುವುದಿಲ್ಲ, ರಿಪೋರ್ಟುಗಳು ನಿಮ್ಮ ಹೆಸರಿಗೆ ಒಂದು ಕಡೆ ಸೇರುತ್ತವೆ ಅಷ್ಟೇ, ಅದೂ ನೀವು ಒಪ್ಪಿದರೆ. ಆಯುಷ್ಮಾನ್ ಕಾರ್ಡು ಬೇರೆ. 70 ತುಂಬಿದವರಿಗೆ ಆದಾಯ ಎಷ್ಟೇ ಇರಲಿ ಆ ಯೋಜನೆ ಅನ್ವಯಿಸುತ್ತದೆ ಅಂತ 2024ರಲ್ಲಿ ಮಾಡಿದ್ದಾರೆ. ಆಭಾದಿಂದ ನನಗೆ ಕಂಡ ದೊಡ್ಡ ಉಪಕಾರ ಅಂದರೆ, ಆ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲಿ ಗೋಡೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಪಿಡಿ ಟೋಕನ್ ಫೋನಿಗೇ ಬರುತ್ತದೆ. ಮಂಡಿ ನೋವಿನ ಅಮ್ಮನನ್ನು ಕ್ಯೂನಲ್ಲಿ ನಿಲ್ಲಿಸುವುದು ತಪ್ಪುತ್ತದೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಮಾಹಿತಿ ತುಂಬುವ ಜಾಗವೂ ಇದೆ. ರಕ್ತದ ಗುಂಪು, ಕಾಯಿಲೆ, ಮಾತ್ರೆ, ಯಾರಿಗೆ ಫೋನ್ ಮಾಡಬೇಕು. ಫೋನಿಗೆ ಲಾಕ್ ಇದ್ದರೂ ಇದನ್ನು ಬೇರೆಯವರು ನೋಡಬಹುದು. ಐದು ನಿಮಿಷದ ಕೆಲಸ.

ಬಿಪಿ ನೋಡುವುದು

ಇದಕ್ಕೆ ಸ್ವಲ್ಪ ಸಮಯ ಕೊಡಿ, ಯಾಕೆಂದರೆ ಮಷಿನ್ ತಂದವರೆಲ್ಲ ಸರಿಯಾಗಿ ನೋಡುತ್ತಾರೆ ಅಂತಿಲ್ಲ. ತೋಳಿಗೆ ಕಟ್ಟುವ ಮಷಿನ್ನೇ ತನ್ನಿ, ಮಣಿಕಟ್ಟಿನದು ಬೇಡ, ವಾಚಿನ ಮೇಲೆ ಬರುವ ಬಿಪಿಯನ್ನಂತೂ ನಂಬಿಕೊಂಡು ಮಾತ್ರೆ ವಿಚಾರ ಮಾಡಬೇಡಿ. ಮಷಿನ್ನಿನ ಪಟ್ಟಿ (ಕಫ್) ತೋಳಿನ ಅಳತೆಗೆ ಸರಿ ಇರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಬೀಡಿ, ಎಲೆ ಅಡಿಕೆ ಹೊಗೆಸೊಪ್ಪು ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಪಟ್ಟಿ ಬರೀ ತೋಳಿಗೆ, ಅಂಗಿಯ ಮೇಲಲ್ಲ. ನೋಡುವಾಗ ಮಾತಾಡಬೇಡಿ, ಟಿವಿ ಆರಿಸಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ, ರಾತ್ರಿ ಮಲಗುವ ಮುಂಚೆ, ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಅದು ಆಸ್ಪತ್ರೆಯ ಗಡಿಬಿಡಿಯಲ್ಲಿ ಒಂದು ಸಲ ನೋಡಿದ್ದಕ್ಕಿಂತ ಎಷ್ಟೋ ನಿಜ. ಮನೆಯಲ್ಲಿ ನೋಡಿದ ಸರಾಸರಿ 135/85 ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. 180/120ರ ಹತ್ತಿರ ಹೋಗಿ ಜೊತೆಗೆ ಎದೆ ನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಯಾವ ಆಪೂ ತೆರೆಯಬೇಡಿ, 108ಕ್ಕೆ ಫೋನ್ ಮಾಡಿ.

ಬರೆದಿಡಲು ನಾನು ಮೊದಲು ಒಂದು ಆಪ್ ಹಾಕಿಕೊಟ್ಟೆ. ಅಪ್ಪನಿಗೆ ಹಿಡಿಸಲಿಲ್ಲ. ನಲವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು, ಅವರಿಗೆ ಬೇಕಾದದ್ದು ಖಾತೆ ಪುಸ್ತಕ. ಸರಿ, ಅದನ್ನೇ ಕೊಟ್ಟೆ. ತಾರೀಕು, ಬೆಳಿಗ್ಗೆ ಬಿಪಿ, ರಾತ್ರಿ ಬಿಪಿ, ಎಷ್ಟು ಗಂಟೆ ನಿದ್ದೆ. ನಾಲ್ಕು ಕಾಲಂ. ಭಾನುವಾರ ಆ ಪುಟದ ಫೋಟೋ ತೆಗೆದು ನಮ್ಮ ನಾಲ್ಕು ಜನರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ನಾನು ಅದನ್ನು ಶೀಟ್‌ಗೆ ಇಳಿಸುತ್ತೇನೆ. ಫೋನು ಯಾರ ಕೈಯಲ್ಲಿ ಯಾವ ಕೆಲಸ ಮಾಡಬೇಕು ಅನ್ನುವುದನ್ನು ಮನೆಯವರ ಅಭ್ಯಾಸ ನೋಡಿ ತೀರ್ಮಾನಿಸಿ. ಓದಲು ಬಾರದ ಅಜ್ಜಿಯಾದರೆ ಮಷಿನ್ನಿನ ಫೋಟೋ ಕಳಿಸಿದರೂ ಆಯಿತು, ವಾಯ್ಸ್ ಮೆಸೇಜಿನಲ್ಲಿ ಹೇಳಿದರೂ ಆಯಿತು.

ಮೂರು ವಾರದ ಶೀಟ್ ನೋಡಿದಾಗ ನನಗೆ ಒಂದು ವಿಷಯ ಕಂಡಿತು. ನಿದ್ದೆಯ ಕಾಲಂನಲ್ಲಿ 3, 4 ಅಂತ ಇದ್ದ ದಿನಗಳ ಬೆಳಗಿನ ಬಿಪಿ ಹೆಚ್ಚುಕಮ್ಮಿ ಎಲ್ಲವೂ ಏರಿತ್ತು. ಇದರಿಂದ ನಾನು ಯಾವ ತೀರ್ಮಾನಕ್ಕೂ ಬರಲಾರೆ, ಆದರೆ ಡಾಕ್ಟರ ಮುಂದಿಟ್ಟಾಗ ಅವರು ಮಾತ್ರೆ ಬದಲಿಸುವ ಬದಲು ಕನ್ನಡಕ ತೆಗೆದಿಟ್ಟು ಅಪ್ಪನನ್ನು ಕೇಳಿದರು: "ನಿದ್ದೆ ಯಾಕೆ ಬರ್ತಿಲ್ಲ ಯಜಮಾನ್ರೆ?"

ಶುಗರ್ ಇರುವವರಿಗೂ ಇದೇ ರೀತಿ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಶುಗರ್ ಜಾಸ್ತಿ ತೋರಿಸುತ್ತದೆ, ಆದ್ದರಿಂದ ಕೈ ತೊಳೆದು ಒರೆಸಿಕೊಂಡು, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿ. ಶುಗರ್ ನೋಡುವ ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ಭದ್ರವಾಗಿರಲಿ, ತಾರೀಕು ನೋಡಿ. 70ಕ್ಕಿಂತ ಕೆಳಗೆ ಬಂದು ಬೆವರು, ನಡುಕ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, 108 ಕರೆಯಿರಿ.

ಮನಸ್ಸಿನ ಮಾತು

ನಮ್ಮ ಕಡೆ ಹಿರಿಯರನ್ನು "ಬೇಜಾರಾಗಿದ್ಯಾ?" ಅಂತ ಕೇಳಿದರೆ ಬರುವ ಉತ್ತರ "ಏನಿಲ್ಲ". ಹಿರಿಯರಲ್ಲಿ ಖಿನ್ನತೆ ತುಂಬಾ ಸಲ ಮೈಯ ಮೂಲಕವೇ ಮಾತಾಡುತ್ತದೆ. ತಲೆ ಭಾರ, ಮೈ ಕೈ ನೋವು, ಊಟ ಸೇರದಿರುವುದು, ನಡುರಾತ್ರಿ ಎಚ್ಚರ. ಆದ್ದರಿಂದ ಪ್ರಶ್ನೆಯನ್ನೂ ಅಲ್ಲಿಂದಲೇ ಶುರು ಮಾಡಿ. ಪೇಪರ್ ಓದಲು ಮನಸ್ಸಾಗುತ್ತಾ? ತೋಟದ ಕಡೆ ಹೋಗಿ ಎಷ್ಟು ದಿನವಾಯಿತು? ಪಿಎಚ್‌ಕ್ಯೂ-9 ಅಂತ ಖಿನ್ನತೆಯ ಬಗ್ಗೆ ಒಂದು ಪ್ರಶ್ನಾವಳಿ ಇದೆ, ಡಾಕ್ಟರುಗಳೂ ಬಳಸುತ್ತಾರೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು ಹೆಚ್ಚೆಂದರೆ 27. ಮೊತ್ತ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನು ನೋಡಬೇಕು. ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳಲು ಅದು ಸಾಲದು, ಆದರೆ "ಏನಿಲ್ಲ" ಅನ್ನುವವರ ಜೊತೆ ಮಾತು ಶುರು ಮಾಡಲು ಸಾಕು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಮೊತ್ತ ಕೂಡಿಸುತ್ತಾ ಕೂರಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಅದೇ ದಿನ ಸಹಾಯಕ್ಕೆ ಫೋನ್ ಮಾಡಿ. ಆ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ.

ನೆನಪಿಡಬೇಕಾದ ನಂಬರು 14416. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾದದ್ದು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮೊದಲು ಆಪ್ತ ಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಸೇರಿಸುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ. ಬಳ್ಳಾರಿಯ ಹೆಸರನ್ನು ಇಲ್ಲಿ ಹೇಳಲೇಬೇಕು. ಮನಸ್ಸಿನ ಚಿಕಿತ್ಸೆ ದೊಡ್ಡ ಊರಿನ ಆಸ್ಪತ್ರೆಯಲ್ಲೇ ಉಳಿಯಬಾರದು, ಹಳ್ಳಿ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ಆ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನನ್ನ ಕಣ್ಣಿಗೆ 14416 ಅದೇ ದಾರಿಯ ಮುಂದಿನ ಹೆಜ್ಜೆಯಾಗಿ ಕಾಣುತ್ತದೆ, ಈಗ ಆ ಚಿಕಿತ್ಸೆ ಜಗಲಿಯವರೆಗೆ ಬಂದಿದೆ.

ಅಪ್ಪನ ಕೈಗೆ ನೇರವಾಗಿ ಫೋನ್ ಕೊಡಲಿಲ್ಲ. ಮೊದಲು ನಾನೇ ಕರೆ ಮಾಡಿ, ಅವರ ಹತ್ತಿರ ಹೇಗೆ ಮಾತೆತ್ತಲಿ ಅಂತ ಕೇಳಿದೆ. ಮನೆಯವರೂ ಕರೆ ಮಾಡಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಮೇಲೆ ಎರಡು ವಾರ ಬಿಟ್ಟು ಅಪ್ಪ ತಾವೇ ನಂಬರು ಕೇಳಿದರು. ಅವರು ಮಾತಾಡುವಾಗ ನಾವೆಲ್ಲ ಹಿತ್ತಲಿಗೆ ಹೋದೆವು. ಇದು ತುಂಬಾ ಮುಖ್ಯ. ಬಾಗಿಲ ಸಂದಿಯಲ್ಲಿ ಹೆಂಡತಿ ಮಕ್ಕಳು ನಿಂತಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ನಲವತ್ತು ನಿಮಿಷ ಮಾತಾಡಿದರು. ಮಂಡಿ ಕೆಲಸ ಬಿಟ್ಟ ಮೇಲೆ ಬೆಳಿಗ್ಗೆ ಎದ್ದು ಯಾಕೆ ಅಂಗಿ ತೊಟ್ಟುಕೊಳ್ಳಬೇಕು ಅಂತಲೇ ತಿಳಿಯುತ್ತಿರಲಿಲ್ಲವಂತೆ, ಅದನ್ನು ನಮಗೆ ಹೇಳಿದ್ದು ಎಷ್ಟೋ ದಿನ ಆದ ಮೇಲೆ.

ಆಮೇಲೆ ಮನೋವೈದ್ಯರನ್ನು ನೋಡಿದೆವು, ಮಾತ್ರೆ ಶುರುವಾಯಿತು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. "ಹತ್ತು ದಿನ ತಗೊಂಡೆ, ಏನೂ ಆಗಲಿಲ್ಲ" ಅಂತ ಬಿಡುವವರು ಇಲ್ಲೇ ಬಿಡುತ್ತಾರೆ. ಚೆನ್ನಾಗಿದ್ದೀನಲ್ಲ ಅಂತ ಒಮ್ಮೆಲೇ ನಿಲ್ಲಿಸುವುದೂ ತಪ್ಪು. ಫೋನಿನ ಅಲಾರಂಗೆ ಮಾತ್ರೆಯ ಹೆಸರು ಬರೆದಿಡಿ, ಡಾಕ್ಟರು ಹೇಳಿದ ಹೊತ್ತಿಗೇ ಹೊಂದಿಸಿ. ಖಾತೆ ಪುಸ್ತಕದ ನಿದ್ದೆಯ ಕಾಲಂ ಈಗ ಎರಡು ಡಾಕ್ಟರಿಗೂ ಬೇಕಾಯಿತು.

ನಿಮಗೆ ಹತ್ತಿರದಲ್ಲಿ ತಾಲ್ಲೂಕು ಆಸ್ಪತ್ರೆ ಇದ್ದರೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ಮಂಗಳವಾರ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಆರೋಗ್ಯ ವಿಮೆ ಇದ್ದವರು ಇನ್ನೊಂದು ತಿಳಿದಿರಿ: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೈಯ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು.

ಧ್ಯಾನದ ಆಪ್, ಉಸಿರಾಟದ ಆಪ್ ಇಷ್ಟವಾದರೆ ಬಳಸಿ. ಎಐ ಚಾಟ್‌ಬಾಟುಗಳನ್ನು ನಾನು ಲ್ಯಾಬ್ ರಿಪೋರ್ಟಿನ ಒಂದು ಪದ ಅರ್ಥ ಮಾಡಿಕೊಳ್ಳಲು, ಡಾಕ್ಟರಿಗೆ ಏನು ಕೇಳಬೇಕು ಅಂತ ಯೋಚಿಸಲು ಬಳಸುತ್ತೇನೆ. ಡೋಸ್ ಬದಲಿಸಲು ಎಂದೂ ಇಲ್ಲ. ಜೀವ ಬೇಡ ಅನ್ನಿಸುತ್ತಿರುವವರನ್ನು ಮೆಷಿನ್ನಿನ ಜೊತೆ ಮಾತಾಡಲು ಬಿಡಲೇಬೇಡಿ, ಅವರಿಗೆ ಮನುಷ್ಯರ ದನಿ ಬೇಕು.

ವಿಡಿಯೋದಲ್ಲಿ ಡಾಕ್ಟರು

ಪ್ರತಿ ಸಲ ಬೆಂಗಳೂರಿಗೆ ಬರಬೇಕಿಲ್ಲ. ವಿಡಿಯೋದಲ್ಲಿ ಡಾಕ್ಟರನ್ನು ಕಾಣಲು ಸರ್ಕಾರದ ಇ-ಸಂಜೀವನಿ ಇದೆ, ಮೊಹಾಲಿಯ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಮಾಡಿದ್ದು, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಹೊತ್ತಲ್ಲಿ ಜನ ಮನೆಯಿಂದಲೇ ಡಾಕ್ಟರನ್ನು ಕಾಣುವ ಹಾಗೆ ತೆರೆದರು. ಉಚಿತ. ಸ್ಮಾರ್ಟ್‌ಫೋನ್ ಇಲ್ಲದವರು ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು ಡಾಕ್ಟರಿಗೆ ಸಂಪರ್ಕ ಕೊಡಿಸುತ್ತಾರೆ. ಇದು ಹಿರಿಯರಿಗೆ ಮನೆಯಿಂದ ಮಾಡುವುದಕ್ಕಿಂತ ಒಳ್ಳೆಯದು ಅಂತ ನನಗನ್ನಿಸುತ್ತದೆ, ಬಿಪಿ ನೋಡಲು ಒಬ್ಬರು ಎದುರಿಗೇ ಇರುತ್ತಾರೆ.

ಕರೆಗೆ ಕೂರುವ ಮುಂಚೆ ಮೂರು ಪ್ರಶ್ನೆ ಕಾಗದದಲ್ಲಿ ಬರೆದುಕೊಳ್ಳಿ, ಮಾತ್ರೆ ಪಟ್ಟಿ ಕೈಯಲ್ಲಿರಲಿ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ನೆಟ್‌ವರ್ಕ್ ಕೈಕೊಟ್ಟರೆ ಬರೀ ಮಾತಿನ ಕರೆಗೆ ಬದಲಿಸಿ. ಕೊನೆಗೆ "ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಸರಿನಾ?" ಅಂತ ತಿರುಗಿ ಹೇಳಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿ ಹಾಕಬೇಕು. ಅದಿಲ್ಲದ ಚೀಟಿಯನ್ನು ಒಪ್ಪಬೇಡಿ. ಬರೆದ ಮಾತ್ರೆ ದುಬಾರಿಯಾದರೆ, ಕಡಿಮೆ ಬೆಲೆಗೆ ಔಷಧ ಮಾರುವ ಸರ್ಕಾರದ ಜನೌಷಧಿ ಕೇಂದ್ರಗಳ ಜನೌಷಧಿ ಸುಗಮ್ ಆಪ್‌ನಲ್ಲಿ ಅದೇ ಔಷಧದ ಹೆಸರು ಹಾಕಿ ನೋಡಿ, ಬೆಲೆಯೂ ಹತ್ತಿರದ ಕೇಂದ್ರವೂ ಸಿಗುತ್ತವೆ.

ಆಸ್ಪತ್ರೆಯ ಫೋನ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲನೆಯದಕ್ಕೆ ಕರೆ ಮಾಡಬೇಡಿ. ಹಳೇ ಚೀಟಿಯ ಮೇಲೆ ಇರುತ್ತದಲ್ಲ, ಅದಕ್ಕೆ ಮಾಡಿ. ಅಪಾಯಿಂಟ್‌ಮೆಂಟ್ ಖಚಿತ ಮಾಡಲು ಹತ್ತು ರೂಪಾಯಿ ಕಳಿಸಿ, ಈ ಫೈಲ್ ಇನ್‌ಸ್ಟಾಲ್ ಮಾಡಿ ಅಂತ ಯಾರಾದರೂ ಹೇಳಿದರೆ ಫೋನ್ ಇಡಿ. ಒಟಿಪಿ ಯಾರಿಗೂ ಬೇಡ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಾಯಿಲೆಯವರು ಗಾಬರಿಯಲ್ಲಿರುತ್ತಾರೆ ಅಂತ ಗೊತ್ತಿದ್ದೇ ಇವರು ಬರುವುದು, ಅದಕ್ಕೇ ನನಗೆ ಇದರ ಮೇಲೆ ಅಷ್ಟು ಸಿಟ್ಟು.

ಹೋದ ಭಾನುವಾರದ ಫೋಟೋದಲ್ಲಿ ಖಾತೆ ಪುಸ್ತಕಕ್ಕೆ ಐದನೇ ಕಾಲಂ ಬಂದಿತ್ತು. ನಾನು ಹೇಳಿದ್ದಲ್ಲ, ಅಪ್ಪನೇ ಗೆರೆ ಎಳೆದುಕೊಂಡದ್ದು. ಮೇಲೆ "ಮಂಡಿ" ಅಂತ ಬರೆದು, ಬುಧವಾರ ಮತ್ತು ಶನಿವಾರದ ಎದುರಿಗೆ ಒಂದೊಂದು ಸರಿ ಗುರುತು. ಕೊಬ್ಬರಿ ಮಂಡಿಯವರೆಗೆ ನಡೆದುಕೊಂಡು ಹೋಗಿ ಹಳೇ ಗೆಳೆಯರ ಜೊತೆ ಕೂತು ಬಂದ ದಿನಗಳಂತೆ. ಈ ತಿಂಗಳ ಕೊನೆಗೆ ವಿಡಿಯೋ ಕರೆ ಇದೆ, ಆ ಪುಟವನ್ನೂ ಕಳಿಸಬೇಕು.